ಸಣ್ಣಯ್ಯನ ಕಣ್ಣು

ಮಂಗಳಮ್ಮನ ಹಣೆಯ ಕುಂಕುಮದ ಬಗ್ಗೆ ಮಂಡಿ ಮೊಹಲ್ಲಾದ ಆ ಗಲ್ಲಿಯಲ್ಲಿ ಆಡಿಕೊಳ್ಳದವರಿರಲಿಲ್ಲ. ಅವಳ ಎದುರಿಗೆ ಮಾತ್ರ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಬಿಚ್ಚಿದವರಿಗೆ ಹೂವಿನ ಜೊತೆ ಮಾರುದ್ದ ಬೈಗುಳವೂ ಸಿಗುತ್ತಿತ್ತು. ಮನೆಯ ಜಗಲಿಯ ಮೇಲೆ ಕೂತು ಕಾಕಡ, ಸೇವಂತಿಗೆ, ಮರುಗ ಕಟ್ಟಿ ಮಾರುವುದು ಅವಳ ಕಸುಬು. ಗಂಡ ಸಣ್ಣಯ್ಯ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೋದವನು ಮರಳಿ ಬರಲಿಲ್ಲ. ವರ್ಷಗಳೇ ಕಳೆದವು. ಪೊಲೀಸರು ಹುಡುಕುವುದನ್ನು ಬಿಟ್ಟರು, ನೆಂಟರು ಅಳುವುದನ್ನು ಬಿಟ್ಟರು, ಮಂಗಳಮ್ಮ ಕಾಯುವುದನ್ನು ಬಿಡಲಿಲ್ಲ. ದಿನವೂ ಕಟ್ಟಿದ ಮೊದಲ ಮೊಳ ಹೂವನ್ನು ತಾನು ಮುಡಿದುಕೊಂಡ ಮೇಲೆಯೇ ಅವಳ ವ್ಯಾಪಾರ.

ಹೀಗಿರುವಾಗ ಗೋಡೆ ಗೀಚುವವರು ಬಂದರು. ಮೊದಲೆಲ್ಲ ಪಾಳು ಕಾಂಪೌಂಡುಗಳ ಮೇಲೆ ಕದ್ದುಮುಚ್ಚಿ ಸ್ಪ್ರೇ ಹೊಡೆದು, ಪೊಲೀಸರ ಸೀಟಿ ಕೇಳಿದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದ ಗುಂಪು ಅದು. ಈಗ ರಾಜಾರೋಷವಾಗಿ ಗ್ರಾಫಿಟಿ ಹಬ್ಬ ಮಾಡಹೊರಟಿತ್ತು. ಈ ಊರಿನಲ್ಲಿ ಅರಸರ ಪಟಗಳಿಗೇನು ಬರವಿಲ್ಲ, ಗಲ್ಲಿಯವರ ಮುಖಗಳೂ ಒಂದಷ್ಟು ಇರಲಿ ಎಂಬುದು ಅದರ ಮುಂದಾಳು ಗಗನಳ ಮಾತು. ಮನೆಗೊಂದು ಮುಖ, ಯಾರದೆಂಬುದು ಮನೆಯವರ ಇಷ್ಟ.

ಅಂಗಡಿ ಬೋರ್ಡು ಬರೆದೇ ಮುದುಕನಾದ ನಂಜುಂಡಸ್ವಾಮಿ ಒಂದು ಷರತ್ತು ಹಾಕಿದ. "ಮುಖ ನೀವು ಬರೀರಿ. ಕಣ್ಣುಗುಡ್ಡೆ ಮಾತ್ರ ಮನೇವ್ರೇ ಇಡ್ಬೇಕು. ಇಡೋವಾಗ ಎದುರಿಗೆ ಕನ್ನಡಿ ಹಿಡೀಬೇಕು, ಮನುಷ್ಯರು ನಿಲ್ಬಾರ್ದು. ಮೊದಲ್ನೇ ನೋಟ ಯಾರೂ ತಡ್ಕೊಳಕ್ಕಾಗಲ್ಲ."

ವಿಗ್ರಹಕ್ಕೆ ಮಾಡುವ ಶಾಸ್ತ್ರವನ್ನು ಗೋಡೆಗೆ ತಂದ ಮುದುಕನನ್ನು ಕಂಡು ಗುಂಪಿನವರು ಮುಸಿಮುಸಿ ನಕ್ಕರು. ಗಗನ ನಗಲಿಲ್ಲ, ಹಾಗೇ ಆಗಲಿ ಎಂದಳು.

ಎಲ್ಲರೂ ತೀರಿಕೊಂಡ ಅಪ್ಪನದೋ ಅಜ್ಜಿಯದೋ ಪಟ ತಂದುಕೊಟ್ಟರು. ಮಂಗಳಮ್ಮ ಗಂಡನ ಕಾರ್ಖಾನೆಯ ಹಳೆಯ ಗುರುತಿನ ಚೀಟಿ ಕೊಟ್ಟಳು. "ದೊಡ್ಡದಾಗಿ ಬರಿ ಕಣವ್ವ. ದಾರೀಲಿ ಓಗೋರು ಯಾರಾದ್ರೂ ಗುರ್ತು ಇಡುದು, ಇಂಥಾ ಕಡೆ ಕಂಡೆ ಅಂತ ಬಂದು ಯೋಳ್ಬೋದು."

ಗಗನ ಸಣ್ಣಯ್ಯನನ್ನು ಆಳೆತ್ತರಕ್ಕೆ ಬರೆದಳು: ನೀಲಿ ಅಂಗಿ, ಅರ್ಧ ನೆರೆತ ಮೀಸೆ, ಮನೆಯ ಗೋಡೆಗೆ ಬೆನ್ನು ಕೊಟ್ಟು ಬೀದಿಯ ಕಡೆ ಮುಖ. ಕಣ್ಣಿನ ಜಾಗದಲ್ಲಿ ಬರೀ ಬಿಳುಪು.

ಉಳಿದ ಮನೆಗಳಲ್ಲಿ ಕಾಯಿ ಒಡೆದು, ಹಾರ ಹಾಕಿ, ಕಣ್ಣಿಟ್ಟರು. ವಿದ್ಯಾರಣ್ಯಪುರಂನಿಂದ ಮೈದುನ ವಿಜಯ್‌ಕುಮಾರ್ ಬಂದು ವರ್ಷಾವರ್ಷದ ತನ್ನ ರಾಗವನ್ನೇ ಎಳೆದ. "ಅತ್ತಿಗೆ, ಒಂದು ದಿನ ನೋಡಿ ಅಣ್ಣನ ತಿಥಿ ಮಾಡ್ಬುಡಾಣ. ಅವತ್ತೇ ಕಣ್ಣೂ ಇಡಾಣ."

"ತಿಥಿ ಮಾಡಕ್ಕೆ ಅವ್ರೇನು ಸತ್ತೋಗವ್ರಾ? ನೀನು ಕಂಡ್ಯಾ?"

ಅವನು ನೆಲ ನೋಡಿದ. ತಿಥಿಯೂ ಆಗಲಿಲ್ಲ, ಕಣ್ಣೂ ಆಗಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಇಬ್ಬರದು.

ಕಣ್ಣಿಲ್ಲದ ಸಣ್ಣಯ್ಯ ಗಲ್ಲಿಗೆ ಭಾರವಾದ. ಮಕ್ಕಳು ಸ್ಕೂಲಿಗೆ ಸುತ್ತು ದಾರಿ ಹಿಡಿದರು. ಜಗಲಿಯ ಪಕ್ಕ ಮಲಗುತ್ತಿದ್ದ ನಾಯಿ ಎದ್ದು ಹೋದದ್ದು ಮತ್ತೆ ಬರಲಿಲ್ಲ. ಹೂವಿಗೆ ಬಂದ ಹೆಂಗಸರು ಗೋಡೆಯ ಕಡೆ ತಿರುಗದೆ, ಕೊಟ್ಟಷ್ಟು ತೆಗೆದುಕೊಂಡು ನಡೆದರು. ಚೌಕಾಸಿ ಮಾಡದೆ ಹೂವು ಕೊಳ್ಳುವ ಹೆಂಗಸರು! ಅಷ್ಟರಿಂದಲೇ ತಿಳಿಯಬೇಕು ಎಂಥ ಭಯವೆಂದು.

ಮಂಗಳಮ್ಮನಿಗೆ ಭಯವಿರಲಿಲ್ಲ, ಮನೆಯೊಳಗೆ ತೇವ ಕಾಣುವವರೆಗೆ. ಬೇಸಿಗೆಯ ಉರಿ, ಹನಿ ಮಳೆಯಿಲ್ಲ, ಆ ಗೋಡೆಯಲ್ಲಿ ನಲ್ಲಿಯ ಪೈಪೂ ಇಲ್ಲ. ಆದರೂ ಒಳಮೈಯಲ್ಲಿ ನೆಲದಿಂದ ಒದ್ದೆಯ ಕಲೆ ಏರತೊಡಗಿತು. ಮೊದಲು ಎರಡು ಹಿಮ್ಮಡಿ, ಆಮೇಲೆ ಮೀನಖಂಡ, ಸೊಂಟ. ಕೊನೆಗೊಂದು ಬೆಳಿಗ್ಗೆ ಹೂವಿನ ಬುಟ್ಟಿ ಎತ್ತಲು ಬಂದವಳಿಗೆ ಅಗಲವಾದ ಬೆನ್ನು, ಅದರ ಮೇಲೆ ತಲೆಯ ಹಿಂಭಾಗ ಪೂರ್ತಿ ಕಂಡಿತು. ಮುಟ್ಟಿದರೆ ತಣ್ಣಗೆ ಕೊರೆಯಿತು. ಬೆರಳಿಗೆ ಪಾಚಿಯ ವಾಸನೆ ಹತ್ತಿತು.

ಅವಳ ಮನಸ್ಸು ತನಗೆ ಬೇಕಾದ ಅರ್ಥವನ್ನೇ ಹುಡುಕಿಕೊಂಡಿತು. ಗಂಡ ಮನೆಗೇ ಬರುತ್ತಿದ್ದಾನೆ. ಆದರೆ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಾನೆ. "ಕಣ್ಣಿಲ್ದೆ ಬಾಗ್ಲು ಎಂಗೆ ಕಂಡಾತು ಅವ್ರಿಗೆ?" ಎಂದು ಗಗನಳಿಗೆ ಹೇಳಿಕಳಿಸಿದಳು. ಕಳಿಸಿಕೊಡಲಿಕ್ಕಲ್ಲ, ಕರೆದುಕೊಳ್ಳಲಿಕ್ಕೆ ಕಣ್ಣಿಡುತ್ತೇನೆ ಎಂದು ಮೈದುನನಿಗೂ ಖಡಾಖಂಡಿತ ಹೇಳಿದಳು.

ದೀಪ ಹಚ್ಚುವ ಹೊತ್ತಿಗೆ ಗಲ್ಲಿಯೆಲ್ಲ ಸೇರಿತು. ನಂಜುಂಡಸ್ವಾಮಿ ಕನ್ನಡಿ ಹಿಡಿದು ನಿಂತ. ಗಗನ ಕಪ್ಪು ಬಣ್ಣದಲ್ಲಿ ಬ್ರಶ್ ಅದ್ದಿ ಕೊಟ್ಟಳು. ಮಂಗಳಮ್ಮ ಸ್ಟೂಲಿನ ಮೇಲೆ ಹತ್ತಿ, ಎದುರಿಗೆ ಬಾರದಂತೆ ಪಕ್ಕಕ್ಕೆ ಸರಿದು, ಎಡಗಣ್ಣಿಗೆ ಬೊಟ್ಟಿಡುವಾಗ, ವಿಡಿಯೊ ಹಿಡಿಯುವ ಹುರುಪಿನಲ್ಲಿ ವಿಜಯ್‌ಕುಮಾರ್ ಕನ್ನಡಿಗೆ ಅಡ್ಡ ಬಂದುಬಿಟ್ಟ.

ಮೊಬೈಲಿನ ಪರದೆಯಲ್ಲಿ ಅಣ್ಣನ ಕಣ್ಣು ಅವನನ್ನು ನೋಡಿತು. ಅವನು ಎಡಕ್ಕೆ ಸರಿದ. ಕಣ್ಣೂ ಸರಿಯಿತು. ಬಲಕ್ಕೆ ಬಂದ. ಅಲ್ಲಿಗೂ ಬಂತು. ಮೊಬೈಲು ಕೈಜಾರಿ ಕಲ್ಲಿನ ಮೇಲೆ ಬಿತ್ತು.

"ನನ್ನ ನೋಡ್ಬೇಡ ಕಣಣ್ಣ," ಎಂದು ಅವನು ಕುಸಿದು ಕೂತ. "ಯೋಳ್ಬುಡ್ತೀನಿ. ಯೋಳ್ಬುಡ್ತೀನಿ."

ಮಂಗಳಮ್ಮ ಬ್ರಶ್ ಹಿಡಿದೇ ಕೆಳಗಿಳಿದಳು. "ಏನ್ಲಾ ಯೋಳೋದು?"

"ಕಂಪ್ಲೇಂಟ್ ಕೊಟ್ಟ ಮಾರ್ನೇ ದಿನ್ವೇ ಸಿಕ್ಕಿದ್ದ ಅತ್ತಿಗೆ, ನಾಲೆಲಿ. ಪೊಲೀಸ್ನೋರು ಕರುದು ತೋರ್ಸುದ್ರು. ಈ ನೀಲಿ ಅಂಗೀನೇಯ. ನಿಮ್ಗೆ ಯೋಳಿ ಕರ್ಕೊಂಡೋಗಣ ಅಂತ ಇಲ್ಲಿಗೆ ಬಂದೆ. ನೀವು ಹೂವ ಮುಡ್ಕೊಂಡು, ಬಾಗ್ಲಲ್ಲಿ ನಿಂತು, ಕಾಪಿ ಕುಡ್ದು ಓಗು, ನಿಮ್ಮಣ್ಣ ಇನ್ನೇನು ಬತ್ತಾರೆ ಅಂದ್ರಿ. ಬಾಯೇ ಬರ್ನಿಲ್ಲ. ವಾಪಸ್ ಓಗಿ, ನಮ್ಮೋನಲ್ಲ ಅಂದ್ಬುಟ್ಟೆ. ಅನಾಥ ಹೆಣ ಅಂತ ಅವ್ರೇ ಮಣ್ಣು ಮಾಡುದ್ರು."

ಮಂಗಳಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಮೈದುನನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಗೋಡೆಯ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡಳು.

"ಕನ್ನಡಿ ತಗೀರಿ ನಂಜುಂಡಣ್ಣ," ಎಂದಳು.

"ಬ್ಯಾಡ ಕಣಮ್ಮ, ಮೊದಲ್ನೇ ನೋಟ—"

"ಅದು ಅವ್ನ ಪಾಲಿಗೆ ಓಯ್ತು. ಇನ್ನೊಂದು ಕಣ್ಣು ಅದೆ. ಓಗೋಕೆ ಮುಂಚೆ ನನ್ನೂ ಒಸಿ ನೋಡ್ಲಿ."

ಮುದುಕ ಕನ್ನಡಿ ಇಳಿಸಿದ. ಅವಳು ಮತ್ತೆ ಸ್ಟೂಲು ಹತ್ತಿ, ಗಂಡನ ಮುಖಕ್ಕೆ ಮುಖ ಕೊಟ್ಟು, ಬಲಗಣ್ಣು ಇಟ್ಟಳು.