ವಿಧೇಯತೆಯ ಪಾಠದ ದಿನ ಬಂದ ಧ್ವನಿ

ದೇವರು ತನ್ನೊಡನೆ ಮಾತಾಡಿದ ಎನ್ನುವವರನ್ನು ನಾನು ನಂಬಿದವನಲ್ಲ. ಬೆಳೆದದ್ದು ಮಾತ್ರ ಅವರ ನಡುವೆಯೇ. ಅಪ್ಪ ಅಂಕೋಲೆಯ ಪ್ರಾರ್ಥನಾ ಮಂದಿರದ ಬಾಗಿಲು ತೆಗೆಯುವವರು. ಬೋಧಕರನ್ನು ವೇದಿಕೆಯ ಹಿಂದಿನಿಂದ ನೋಡಿದವನಲ್ಲಿ ಭಕ್ತಿ ಉಳಿಯುವುದು ಕಷ್ಟ. ನನ್ನಲ್ಲಿ ಉಳಿದದ್ದು ಅವರ ಧ್ವನಿಗಳು. ಯಾರ ಕೆಮ್ಮನ್ನಾದರೂ ಕೆಮ್ಮಿ ತೋರಿಸುತ್ತೇನೆ. ನನ್ನ ಸ್ವಂತ ಧ್ವನಿ ಯಾವುದೆಂದು ಕೇಳಬೇಡಿ, ಎಲ್ಲೋ ಇಟ್ಟು ಮರೆತಿದ್ದೇನೆ.

ಕೆಲವು ವರ್ಷಗಳ ಹಿಂದೆ ಕಾರವಾರದ ಹಬ್ಬುವಾಡದಲ್ಲಿ ಬೋಧಕರಿಗೆಂದೇ ಒಂದು ದಿನದ ಶಿಬಿರವಿತ್ತು. ವಿಷಯ, ದೇವರಿಗೆ ವಿಧೇಯರಾಗಿರುವುದು ಹೇಗೆ. ಮೈಕು ನೋಡಿಕೊಳ್ಳಲು ನಾನು. ಬೆಳಿಗ್ಗೆ ಮೂವರು ವಿಧೇಯತೆಯ ಬಗ್ಗೆ ಮಾತಾಡಿದರು. 'ಸಮಯ ಮುಗಿಯಿತು' ಎಂದು ಚೀಟಿ ಕೊಟ್ಟರೆ ಒಬ್ಬರೂ ವಿಧೇಯರಾಗಲಿಲ್ಲ. ಊಟದ ಗಂಟೆಗೆ ಮಾತ್ರ ಎಲ್ಲರೂ ಒಟ್ಟಿಗೇ ಎದ್ದು ಮೀನಿನ ಪಾತ್ರೆಯ ಕಡೆ ನಡೆದರು.

ಊಟವಾದ ಮೇಲೆ ತೂಕಡಿಕೆ ಬಾರದಿರಲೆಂದು ನನ್ನಿಂದ ಬೋಧಕರ ಅನುಕರಣೆ ಮಾಡಿಸುವುದು ಈ ಶಿಬಿರಗಳ ರೂಢಿ. ಪಕ್ಕದವರ ಸರದಿಗೆ ಹೊಟ್ಟೆ ಹಿಡಿದು ನಗುತ್ತಾರೆ, ತಮ್ಮ ಸರದಿಗೆ ನನ್ನನ್ನು ಕ್ಷಮಿಸುತ್ತಾರೆ.

"ನಮ್ಮ ದೇವದಾನ ಪಾಸ್ಟರ್‌ದು ಮಾಡೋ ಮಾರಾಯಾ," ಎಂದರು ಅಧ್ಯಕ್ಷರು.

ದೇವದಾನ ಪಾಸ್ಟರ್ ನಮ್ಮ ಅಂಕೋಲೆ ಮಂದಿರದವರೇ. ಮಧ್ಯಾಹ್ನದ ಮುಖ್ಯ ಬೋಧನೆ ಅವರದ್ದು. ಅವರಂತೆ ಕನ್ನಡಕ ಹಣೆಗೇರಿಸಿ, ಎರಡು ಸಲ ಗಂಟಲು ಸರಿಮಾಡಿ ಬಾಯಿ ತೆರೆದೆ. ಹೊರಬಂದದ್ದು ಅವರ ಧ್ವನಿಯಲ್ಲ. ನಾನೆಂದೂ ಕೇಳಿರದ ಒಂದು ಮುದಿ, ಒಣಗಿದ ಧ್ವನಿ.

"ದೇವೂ, ಇವತ್ತೂ ಬರೂದಿಲ್ವೇನೋ?"

ಸಭೆ ನಕ್ಕಿತು. ಪಾಸ್ಟರ್ ಕೈಯ ಚಹಾ ಅಂಗಿಯ ಮೇಲೆ ಚೆಲ್ಲಿತು. ನನ್ನನ್ನು ಹೊರಗೆ ಎಳೆದುಕೊಂಡು ಹೋದರು.

"ನಮ್ಮಣ್ಣನ್ನ ನೀ ಎಲ್ಲಿ ಕಂಡೆ?"

"ಯಾವ ಅಣ್ಣ, ಪಾಸ್ಟರ್? ನಾ ಯಾರನ್ನೂ ಕಂಡಿಲ್ಲ."

ಆಮೇಲೆ ಹೇಳಿದರು. ಅಣ್ಣ ಮಂಜಗುಣಿಯಲ್ಲಿ ಗದ್ದೆ ಮಾಡಿಕೊಂಡಿದ್ದ. ಗದ್ದೆಯ ಬದುವಿಗಾಗಿ ಜಗಳವಾಡಿ ಹನ್ನೆರಡು ವರ್ಷ ಮಾತಿಲ್ಲ. ಕ್ರೈಸ್ತರಾಗುವ ಮೊದಲು ಇವರ ಹೆಸರು ದೇವು. ಈಗ ಹಾಗೆ ಕರೆಯುವವನು ಅವನೊಬ್ಬನೇ. ಅವನು ಹಾಸಿಗೆ ಹಿಡಿದ ಸುದ್ದಿ ಬಂದು ತಿಂಗಳಾಗಿತ್ತು.

"ಪ್ರಾರ್ಥನೆಗೆ ಕೂತ್ರೆ ದಿನಾ ಒಂದೇ ಮಾತು, ಹೋಗು, ಹೋಗು ಅಂತ. ನಾ ಇದನ್ನ ಬರೀತಾ ಕೂತೆ."

ಬೋಧನೆಯ ಹಾಳೆಗಳನ್ನು ನನ್ನ ಕೈಗೆ ತುರುಕಿ ಸ್ಕೂಟರ್ ಹತ್ತಿದರು.

ಆ ಹಾಳೆಗಳನ್ನು ಅಧ್ಯಕ್ಷರೇ ಓದಿದರು. ಎಲ್ಲರೂ ಆಮೆನ್ ಎಂದರು. ಮಾರನೆಯ ವಾರ, ಅನುಮತಿ ಇಲ್ಲದೆ ಸಭೆ ಬಿಟ್ಟ ಅವಿಧೇಯತೆಗೆ ಕಾರಣ ಕೇಳಿ ದೇವದಾನ ಪಾಸ್ಟರಿಗೆ ನೋಟೀಸು ಹೋಯಿತು. ಆ ಸಭೆಯಲ್ಲಿ ಅಂದು ದೇವರ ಮಾತು ಕೇಳಿ ಎದ್ದವರು ಅವರೊಬ್ಬರೇ.

ಅಣ್ಣ ಇನ್ನೂ ಎಂಟು ದಿನ ಬದುಕಿದ್ದ, ತಮ್ಮನ ಕೈಯಿಂದಲೇ ಗಂಜಿ ಕುಡಿಯುತ್ತಾ. ಆ ಮಧ್ಯಾಹ್ನ ಅವನು ಬಾಗಿಲ ಕಡೆ ನೋಡಿ ಅದೇ ಮಾತು ಆಡಿದ್ದನೆಂದು ಅತ್ತಿಗೆ ಹೇಳಿದರಂತೆ.

ಆ ಅಣ್ಣನ ಬಗ್ಗೆ ಅಪ್ಪನ ಬಾಯಿಂದ ಎಂದಾದರೂ ಕೇಳಿದ್ದೆನೇ ಎಂದು ಅಪ್ಪನನ್ನೇ ವಿಚಾರಿಸಿದೆ. ಪಾಸ್ಟರಿಗೆ ಅಣ್ಣನಿದ್ದದ್ದೇ ಅಪ್ಪನಿಗೆ ತಿಳಿದಿರಲಿಲ್ಲ. ದೇವರೇ ಮಾತಾಡಿದ್ದಾದರೆ, ಅಷ್ಟೊಂದು ಪವಿತ್ರ ಬಾಯಿಗಳಿದ್ದ ಸಭೆಯಲ್ಲಿ ಚೇಷ್ಟೆಯ ಬಾಯಿಯೇ ಬೇಕಾಯಿತೇ?

ಹೋದ ತಿಂಗಳು ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಪಾಸ್ಟರ್ ಸಿಕ್ಕರು. ಸುತ್ತ ಒಮ್ಮೆ ನೋಡಿ, "ಒಂದ್ಸಲ ನಮ್ಮಣ್ಣಂದು ಮಾಡ್ತ್ಯಾ?" ಎಂದರು.

ಗಂಟಲು ಸರಿಮಾಡಿ ಬಾಯಿ ತೆರೆದೆ. ಬಂದದ್ದು ದೇವದಾನ ಪಾಸ್ಟರ ಧ್ವನಿ. ಮತ್ತೊಮ್ಮೆ ಪ್ರಯತ್ನಿಸಿದೆ, ಮತ್ತೆ ಅದೇ. ಅವರು ನನ್ನ ಹೆಗಲು ತಟ್ಟಿ ಬಸ್ಸಿನ ಕಡೆ ನಡೆದರು.