ಫ್ರೇಮ್ ನಂಬರ್ ನೋಡದೆ ಕೊಟ್ಟ ನಾಲ್ಕು ಬೋಲ್ಟು

2006ರಲ್ಲಿ ನಾನು ಕತಾರಿನ ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಯುರೋಪಿನ ಒಂದು ಮೋಟಾರ್‌ಸೈಕಲ್ ಕಂಪನಿಯ ಬೈಕುಗಳ ವರ್ಕ್‌ಶಾಪಿನಲ್ಲಿ ಪಾರ್ಟ್ಸ್ ಇನ್‌ಚಾರ್ಜ್ ಆಗಿದ್ದೆ. ಮೆಕ್ಯಾನಿಕ್ ಕೇಳಿದ ಬಿಡಿಭಾಗವನ್ನು ಹುಡುಕಿ ಕೌಂಟರಿನಲ್ಲಿ ಕೊಡುವುದು ನನ್ನ ಕೆಲಸ.

ಗಿರಾಕಿಗಳಿಗೆ ಕಂಪನಿಯ ಕಥೆ ಹೇಳುವುದೆಂದರೆ ನನಗೆ ಬಹಳ ಇಷ್ಟ. ಮೊದಲು ಅದು ಹೊಲಿಗೆ ಯಂತ್ರದ ಭಾಗಗಳನ್ನು ಮಾಡುತ್ತಿದ್ದ ಸಣ್ಣ ಕಾರ್ಖಾನೆ. ಮಹಾಯುದ್ಧ ಮುಗಿದ ಮೇಲೆ ಮೊಪೆಡ್ ಮಾಡಿತು, ಆಮೇಲೆ ರೇಸಿಗಿಳಿದು ದೊಡ್ಡ ಇಂಜಿನ್ ಮಾಡಿತು. ಒಮ್ಮೆ ಬಾಗಿಲೂ ಮುಚ್ಚಿತು. ಹೊಸ ಮಾಲೀಕರು ಬಂದು ಮೂರು ಬಗೆಯ ಬೈಕು ಉಳಿಸಿಕೊಂಡರು: ದೂರ ಪ್ರಯಾಣದ ಟೂರಿಂಗ್, ಹೊದಿಕೆಯಿಲ್ಲದ ನೇಕೆಡ್, ಮರಳಿಗೂ ಇಳಿಯುವ ಎತ್ತರದ ಎಂಡ್ಯೂರೋ. ಟೂರಿಂಗ್ ಬೈಕಿನ ಹೆಸರು, ಬಣ್ಣ ಯಾವುದನ್ನೂ ಅವರು ಮುಟ್ಟಲಿಲ್ಲ. ಆದರೆ ವರ್ಷದ ನಡುವೆ ಅದರ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬದಲಾಯಿಸಿದರು. ಹಾಗಾಗಿ ಒಂದೇ ವರ್ಷದ ಎರಡು ಬೈಕುಗಳಿಗೆ ಬೇರೆ ಬೇರೆ ಭಾಗ ಬೇಕಾಗುತ್ತಿತ್ತು. ಯಾವುದು ಯಾವುದಕ್ಕೆ ಎಂದು ತಿಳಿಯಲು ಬೈಕಿನ ಚೌಕಟ್ಟಿನಲ್ಲಿ ಕೊರೆದ ಫ್ರೇಮ್ ನಂಬರ್ ನೋಡುವುದೊಂದೇ ದಾರಿ.

ಜೂನ್ ತಿಂಗಳ ಒಂದು ಗುರುವಾರ ಮಧ್ಯಾಹ್ನ, ಬೇರೆ ಯಾವುದೋ ಆರ್ಡರಿಗಾಗಿ ಪಾರ್ಟ್ಸ್ ಪುಸ್ತಕ ತಿರುವುತ್ತಿದ್ದಾಗ ಪುಟದ ಅಡಿಯಲ್ಲಿದ್ದ ಸಣ್ಣಕ್ಷರದ ಟಿಪ್ಪಣಿ ಕಣ್ಣಿಗೆ ಬಿತ್ತು. ಹಳೇ ಫೋರ್ಕಿಗೆ ಬ್ರೇಕ್ ಕ್ಯಾಲಿಪರ್ ಬೋಲ್ಟು 45 ಮಿಲಿಮೀಟರ್, ಹೊಸದಕ್ಕೆ 35. ಕ್ಯಾಲಿಪರ್ ಎಂದರೆ ಚಕ್ರದ ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ. ಹಿಂದಿನ ದಿನವಷ್ಟೇ ವಾಲ್ಟರ್ ಎಂಬವರ ಟೂರಿಂಗ್ ಬೈಕಿಗೆ ನಾನು ನಾಲ್ಕು ಬೋಲ್ಟು ಕೊಟ್ಟಿದ್ದೆ. ಜಾಬ್ ಕಾರ್ಡ್ ತೆಗೆದೆ. ಹಳೇ ಫ್ರೇಮ್. ಕೊಟ್ಟದ್ದು ಗಿಡ್ಡ ಬೋಲ್ಟು; ತುದಿ ಮಾತ್ರ ಹಿಡಿದಿರುತ್ತದೆ, ಜೋರಾಗಿ ಬ್ರೇಕ್ ಹಿಡಿದರೆ ಕಿತ್ತುಬರಬಹುದು.

ಬೋಲ್ಟು ಹಾಕಿದ್ದ ಮೆಕ್ಯಾನಿಕ್, ಬಂಟ್ವಾಳದ ಇಬ್ರಾಹಿಂನನ್ನು ಕರೆದೆ. ಅವನು ಟಿಪ್ಪಣಿಯ ಮೇಲೆ ಬೆರಳಿಟ್ಟು ಓದಿದ.

"ಸುರೇಶಣ್ಣ, ಹಾಕುವಾಗ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲೇ ಬಿಗಿಯಾಯ್ತು. ಏನೋ ಸರಿಯಿಲ್ಲ ಅಂತ ಅನ್ನಿಸಿತ್ತು. ನೀವು ಕೊಟ್ಟದ್ದಲ್ವಾ ಅಂತ ಸುಮ್ಮನಾದೆ."

ವಾಲ್ಟರ್ ಮಂಗಳೂರಿನವರೇ; ರಾಸ್ ಲಫಾನ್ ಎಂಬಲ್ಲಿನ ಗ್ಯಾಸ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಪ್ಲಾಂಟಿನೊಳಗೆ ಮೊಬೈಲ್ ಒಯ್ಯುವಂತಿಲ್ಲ. ಅವರ ಡ್ಯೂಟಿ ಮುಗಿಯುವುದು ನಾಲ್ಕಕ್ಕೆ. ಆಮೇಲೆ ಅದೇ ಬೈಕಿನಲ್ಲಿ ದೋಹಾಕ್ಕೆ ಎಂಬತ್ತು ಕಿಲೋಮೀಟರ್ ಹೈವೇ. ಪ್ಲಾಂಟಿನ ಆಫೀಸಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಗಂಟೆ ಎರಡೂವರೆಯಾಗಿತ್ತು. ಪಿಕಪ್ ತೆಗೆದುಕೊಂಡು ಹೊರಟೆವು; ಓಡಿಸಿದ್ದು ಇಬ್ರಾಹಿಂ.

ದಾರಿಯುದ್ದಕ್ಕೂ ನನ್ನ ಕಣ್ಣೆದುರು ಒಂದೇ ಚಿತ್ರ: ಕ್ಯಾಲಿಪರ್ ಕಳಚಿ ಚಕ್ರಕ್ಕೆ ಸಿಕ್ಕಿ, ಬೈಕು ಮುಗ್ಗರಿಸುವುದು. ಎದುರಿನಿಂದ ಆಂಬುಲೆನ್ಸ್ ಒಂದು ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ.

ಗೇಟಿನಲ್ಲಿ ನಮಗೆ ಪಾಸಿರಲಿಲ್ಲ. ವಿಷಯ ಹಿಂದಿಯಲ್ಲಿ ವಿವರಿಸಿದೆ. ಸೆಕ್ಯುರಿಟಿಯವನು ಅರ್ಧ ಕೇಳಿ, "ಯಲ್ಲಾ, ಗಾಡಿ ತೆಗಿ" ಎಂದು ಅರಬಿ ಬೆರೆಸಿ ಹೊರಡಲು ಹೇಳಿದ. ಸ್ವಲ್ಪ ಮುಂದೆ ಹೋಗಿ ರಸ್ತೆಯ ಪಕ್ಕ ನಿಂತೆವು. ನಾಲ್ಕು ದಾಟಿತು. ಕೆಲಸಗಾರರ ಬಸ್ಸುಗಳ ಸಾಲು ಹೋಯಿತು. ಅದರ ಹಿಂದೆ ವಾಲ್ಟರ್ ಅವರ ಕೆಂಪು ಬೈಕು ಕಂಡಿತು.

ನಾನು ರಸ್ತೆಗೆ ಇಳಿದು ಕೈ ಎತ್ತಿದೆ. ಇಬ್ರಾಹಿಂ ನನ್ನನ್ನು ಹಿಂದಕ್ಕೆ ಎಳೆದ.

"ಅಡ್ಡ ಹೋಗ್ಬೇಡಿ. ಗಾಬರಿಯಾಗಿ ಮುಂದಿನ ಬ್ರೇಕೇ ಹಿಡಿದರೆ?"

ಅದು ನನಗೆ ಹೊಳೆದೇ ಇರಲಿಲ್ಲ. ಓಡಿ ಪಿಕಪ್ ಹತ್ತಿದೆವು. ಬೈಕಿನ ಪಕ್ಕಕ್ಕೆ ಬಂದಾಗ ವೇಗ ತೊಂಬತ್ತು. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಅಂಗೈಯನ್ನು ಮೆಲ್ಲಗೆ ಕೆಳಗಿಳಿಸುತ್ತ, ಅವರ ಬಲಗಾಲನ್ನು ತೋರಿಸಿದೆ. "ಹಿಂದಿನ ಬ್ರೇಕ್ ಮಾತ್ರ, ವಾಲ್ಟರ್ ಸರ್! ಮುಂದಿನದು ಮುಟ್ಟಬೇಡಿ!" ಗಾಳಿಗೆ ಮಾತು ಹಾರಿಹೋಯಿತು. ಅವರು ಹೆಲ್ಮೆಟ್ ತಿರುಗಿಸಿ ನನ್ನನ್ನು ನೋಡಿದರು, ಗುರುತು ಹಿಡಿದರು. ಆಕ್ಸಿಲರೇಟರ್ ಬಿಟ್ಟರು. ಎಂಬತ್ತು, ಅರವತ್ತು, ಮೂವತ್ತು. ಬೈಕು ತಾನಾಗಿಯೇ ನಿಧಾನವಾಗಿ ರಸ್ತೆಯಂಚಿನ ಮರಳಿಗಿಳಿದು ನಿಂತಿತು.

ಇಬ್ರಾಹಿಂ ಮಂಡಿಯೂರಿ ಎಡಗಡೆಯ ಕೆಳಗಿನ ಬೋಲ್ಟು ಮುಟ್ಟಿದ. ಸ್ಪ್ಯಾನರ್ ಬೇಕಾಗಲಿಲ್ಲ, ಬೆರಳಿಗೇ ಬಂತು. ಅದರ ತುದಿಯಲ್ಲಿ ಫೋರ್ಕಿನ ತೂತಿನಿಂದ ಕಿತ್ತುಬಂದ ಅಲ್ಯೂಮಿನಿಯಂ ಚೂರುಗಳಿದ್ದವು.

"ತಪ್ಪು ನನ್ನದು, ಸರ್," ಎಂದೆ. "ನಂಬರ್ ನೋಡದೆ ಕೊಟ್ಟೆ."

ವಾಲ್ಟರ್ ಬೈಯಲಿಲ್ಲ. ಹೆಲ್ಮೆಟ್ ತೆಗೆದು ಮರಳಿನ ಮೇಲೆ ಕುಳಿತರು. "ನಾಳೆ ರಜೆ," ಎಂದರು. "ಹೆಂಡತಿಯನ್ನು ಕೂರಿಸಿಕೊಂಡು ದುಖಾನ್ ಬೀಚ್ ಕಡೆ ಹೋಗುವ ಅಂತಿದ್ದೆ." ಆಮೇಲೆ ಮೂವರೂ ದೋಹಾಕ್ಕೆ ಹೊರಟೆವು. ಬೈಕು ಪಿಕಪ್ಪಿನ ಹಿಂದೆ, ಅವರು ನಮ್ಮಿಬ್ಬರ ನಡುವೆ.

ಮ್ಯಾನೇಜರಿಗೆ ನಾನೇ ಎಲ್ಲ ಹೇಳಿದೆ. ಕೆಲಸ ಹೋಯಿತೆಂದೇ ತಿಳಿದಿದ್ದೆ. ವಾರ್ನಿಂಗ್ ಲೆಟರಿಗೆ ಮುಗಿಯಿತು. ಕೆಟ್ಟಿದ್ದ ಫೋರ್ಕನ್ನು ವರ್ಕ್‌ಶಾಪೇ ಬದಲಾಯಿಸಿಕೊಟ್ಟಿತು. ವಾಲ್ಟರ್ ಮತ್ತೆ ನಮ್ಮಲ್ಲಿಗೇ ಬಂದರೇ ಎಂದು ಕೆಲವರು ಕೇಳುತ್ತಾರೆ. ಇಲ್ಲ, ಬರಲಿಲ್ಲ. ಅದು ಸರಿಯೇ.

ನಂಬರ್ ನೋಡಬೇಕೆಂಬುದು ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೆ ಗೊತ್ತಿತ್ತು. ಆ ಗುರುವಾರ ಕಲಿತದ್ದು ಬೇರೆ. ಇಬ್ರಾಹಿಂನ ಕೈಗೆ ತಪ್ಪು ತಿಳಿದಿತ್ತು. ನನ್ನ ಮೇಲಿನ ಮರ್ಯಾದೆ ಅವನ ಬಾಯಿ ಕಟ್ಟಿತ್ತು. ಆಮೇಲೆ ಅವನು ವಾರಕ್ಕೆ ಮೂರು ಸಲವಾದರೂ ಏನಾದರೊಂದು ಭಾಗ ಹಿಡಿದು ಬಂದು, "ಇದು ಸರಿ ಉಂಟಾ?" ಎಂದು ಕೇಳುತ್ತಿದ್ದ. ಎಷ್ಟೋ ಸಲ ಸರಿಯೇ ಇರುತ್ತಿತ್ತು. ಆದರೂ ಪ್ರತಿ ಸಲವೂ ನಾನು ಎದ್ದು ಪುಸ್ತಕ ತೆರೆಯುತ್ತಿದ್ದೆ.