ಸಿದ್ದರಾಜುವಿನ ಕಲ್ಲು

ಸಿದ್ದರಾಜು ಮುಂದಕ್ಕೆ ನಡೆಯುವ ಮೊದಲು ಹಿಂದಕ್ಕೆ ನಡೆಯುತ್ತಿದ್ದ. ರೈಲಿಳಿದು, ಹೋಗಬೇಕಾದ ದಿಕ್ಕಿಗೆ ಬೆನ್ನು ಹಾಕಿ, ಹಿಂದಿನ ಸಲ ನಿಂತ ಜಾಗವನ್ನು ಹುಡುಕಿಕೊಂಡು ಹೋಗುವನು. ಅಲ್ಲಿ ಯಾವುದೋ ಬೇಲಿ ಕಂಬದ ಬುಡದಲ್ಲಿ ಅವನೇ ಇಟ್ಟುಹೋದ ಚಪ್ಪಟೆ ಕಲ್ಲೊಂದು ಇರುತ್ತಿತ್ತು. ಅದನ್ನೆತ್ತಿ, ಮಣ್ಣು ಒರೆಸಿ, ಬ್ಯಾಗಿಗೆ ಹಾಕಿಕೊಂಡ ಮೇಲೆಯೇ ಅವನ ನಡಿಗೆ ಶುರು. ಸಂಜೆ ಎಲ್ಲಿ ನಿಲ್ಲುತ್ತಾನೋ ಅಲ್ಲಿ ಮತ್ತೆ ಅದೇ ಕಲ್ಲು. ಹೀಗೆ ಅವನು ಮೆಲ್ಬರ್ನಿನಿಂದ ಸಿಡ್ನಿಗೆ ನಡೆಯುತ್ತಿದ್ದ.

ಮೊದಲು ಇದನ್ನು ನಾನು ನಂಬಲಿಲ್ಲ. ನಾನು ಮೈಸೂರಿನಲ್ಲಿ ವಿದ್ಯಾರ್ಥಿನಿಲಯದ ವಾರ್ಡನ್ ಆಗಿದ್ದವನು. ಬೆಳಗಿನ ಗಂಟೆ, ಹಾಜರಿ, ದೀಪ ಆರಿಸುವ ವೇಳೆ, ಇವುಗಳ ನಡುವೆಯೇ ನನ್ನ ನೌಕರಿ ಕಳೆಯಿತು. ಅಜ್ಜಿ ತೀರಿಹೋದಳೆಂದು ರಜೆ ಕೇಳುವ ಹುಡುಗನ ಮುಖವನ್ನು ನಾನು ನೋಡುತ್ತಿರಲಿಲ್ಲ, ಅವನ ಚಪ್ಪಲಿ ನೋಡುತ್ತಿದ್ದೆ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿರುವ ಮಗನ ಮನೆಗೆ ಬಂದು ನೆಲೆಸಿದ ಮೇಲೂ ಆ ಕಣ್ಣು ಹೋಗಲಿಲ್ಲ.

ಸಿದ್ದರಾಜು ಪಕ್ಕದ ಬೀದಿಯವನು, ಕೊಳ್ಳೇಗಾಲದ ಕಡೆಯವನು. ನನಗಿಂತ ಬಹಳ ಚಿಕ್ಕವನಾದ್ದರಿಂದ ಏಕವಚನವೇ ಬಾಯಿಗೆ ಬರುತ್ತಿತ್ತು. ಡ್ಯಾಂಡೆನಾಂಗಿನ ಬ್ರೆಡ್ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಮಗಳು ಸಹನಾ ಇಲ್ಲಿ ಓದಿ, ಇಲ್ಲೇ ನೆಲೆಸಲು ಪಿಆರ್ ಪಡೆದು, ಅಪ್ಪ ಅಮ್ಮನನ್ನು ಕರೆಸಿಕೊಂಡು, ಆಮೇಲೆ ಕೆಲಸದ ಮೇಲೆ ಸಿಡ್ನಿಗೆ ಹೋದವಳು. ಬೆಳಗಿನ ವಾಕಿಂಗಿಗೆ ಅವನು ನನ್ನ ಜೊತೆಗಾರ. ಮಾತು ಕಡಿಮೆ, ಹೆಜ್ಜೆ ದೊಡ್ಡದು.

ಒಂದು ದಿನ ಅವನ ಹೆಂಡತಿ ಜಯಮ್ಮ ನನ್ನನ್ನು ತಡೆದು ನಿಲ್ಲಿಸಿದಳು. "ವಾರ್ಡನ್ ಸಾರ್, ಇವ್ರು ರಜಾ ಬಂದ್ರ ಬ್ಯಾಗ್ ತಕ್ಕಂಡು ಹೋಯ್ತಾರ. ಕೇಳುದ್ರ ವಾಕಿಂಗ್ ಅಂತಾರ. ಮೂರ್ ದಿನದ ವಾಕಿಂಗ್ ಎಲ್ಲಾರ ಉಂಟಾ? ಜನ ಜೂಜು ಅಂತಾರ, ಇನ್ನೂ ಏನೇನೋ ಅಂತಾರ."

ಜೂಜಿನವನ ಬೂಟಿಗೆ ಕೆಂಪು ಮಣ್ಣು ಮೆತ್ತಿರುವುದಿಲ್ಲ. ಅವನ ಬೂಟಿಗೆ ಮೆತ್ತಿತ್ತು. ಆದರೂ ಮುಂದಿನ ಸಲ ಅವನು ಹೊರಟಾಗ ನಾನೂ ಸ್ಟೇಷನ್ನಿಗೆ ಹೋಗಿ ಎದುರು ನಿಂತೆ. "ನನ್ನನ್ನೂ ಕರ್ಕೊಂಡು ಹೋಗು" ಎಂದೆ.

"ಜಯಾಗ್ ಹೇಳ್ಬಾರ್ದು. ಮಾತ್ ಕೊಡಿ, ಕರ್ಕಂಡ್ ಹೋಯ್ತೀನಿ."

ಕೊಟ್ಟೆ. ಸೀಮೋರ್ ದಾಟಿ ಒಂದು ಸಣ್ಣ ಊರಲ್ಲಿ ಇಳಿದು, ಹಿಂದಕ್ಕೆ ನಡೆದು, ಕಲ್ಲು ನೋಡಿದೆ. ವಿಷಯ ಹೊರಬಿದ್ದದ್ದು ಅಲ್ಲಿ. ಸಹನಾ ತಾನು ಮೆಚ್ಚಿದ ಹುಡುಗನನ್ನು ಯಾರಿಗೂ ಹೇಳದೆ ರಿಜಿಸ್ಟರ್ ಮದುವೆಯಾಗಿ, ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಹೊಸ ಮನೆಯ ಗೃಹಪ್ರವೇಶಕ್ಕೆ ಅಪ್ಪನನ್ನು ಕರೆದಿದ್ದಳು. ಇವನು ಫೋನಿನಲ್ಲಿ ಕೂಗಾಡಿದ್ದ: "ನಿನ್ ಬಾಗ್ಲಿಗೆ ನನ್ನ ಯಾವ ಗಾಡೀನೂ ತರಲ್ಲ, ಮಾದಪ್ಪನಾಣೆ." ಮನೆಯಲ್ಲಿ ಅವಳ ಹೆಸರೆತ್ತಬಾರದೆಂದು ಜಯಮ್ಮನಿಂದಲೂ ಆಣೆ ಮಾಡಿಸಿದ್ದ. ಸಿಟ್ಟು ಇಳಿಯಿತು. ಆಣೆ ಉಳಿಯಿತು. ಗಾಡಿ ತರಬಾರದು ಅಷ್ಟೇ ತಾನೇ, ಕಾಲು ತರಬಹುದಲ್ಲ ಎಂದು ಹೊರಟಿದ್ದ. ಅವನ ಊರಿನವರು ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುವವರು. ಅವನ ಅವ್ವ ದಾರಿಯಲ್ಲಿ ಜ್ವರ ಬಂದು ಹಿಂದಿರುಗಿದಾಗ ನಿಂತಲ್ಲಿ ಕಲ್ಲಿಟ್ಟು ಬಂದು, ಮರುವರ್ಷ ಆ ಕಲ್ಲಿನಿಂದಲೇ ಹೊರಟಿದ್ದಳಂತೆ.

"ಈಗ ರೈಲಲ್ಲಿ ಬಂದೆಯಲ್ಲ?" ಎಂದೆ.

"ರೈಲು ಕಲ್ಲಿನ್ ತಾವ್ಕ ಬಿಡ್ತು ಸಾ. ಮಗಳ ಬಾಗ್ಲಿಗಲ್ಲ."

ಇಂಥ ವಕೀಲಿತನ ನಾನು ಹಾಸ್ಟೆಲಿನಲ್ಲಿ ಬೇಕಾದಷ್ಟು ಕೇಳಿದ್ದೆ. "ಒಂದು ಫೋನ್ ಮಾಡಿ ತಪ್ಪಾಯ್ತು ಅಂದರೆ ಮುಗೀತಲ್ಲ?"

"ಫೋನಲ್ಲಿ ಆಡಿದ್ದೇ ಇಷ್ಟು ದೂರ ತಂದದ. ಇನ್ನೇನೂ ಫೋನಲ್ಲಿ ಬ್ಯಾಡ."

ಯೋಜನೆಯಿಲ್ಲದ ಕೆಲಸ ನನಗೆ ಆಗದು. ಊರೂರಿನ ಹೆಸರು ಬರೆದು, ಯಾವ ತಿಂಗಳು ಎಲ್ಲಿರಬೇಕು ಎಂದು ಗೆರೆ ಎಳೆದು ಒಂದು ಕಾರ್ಯಕ್ರಮ ಮಾಡಿಕೊಟ್ಟೆ. ಅವನು ಗೌರವದಿಂದ ತೆಗೆದುಕೊಂಡು, ಹುಲ್ಲು ಒದ್ದೆಯಾಗಿದೆಯೆಂದು ಅದನ್ನೇ ಹಾಸಿ ಕುಳಿತು ಚಿತ್ರಾನ್ನ ತಿಂದ. "ಸಿಡ್ನಿ ನೋಡ್ಬ್ಯಾಡಿ ಸಾ, ಎದೆ ಒಡೀತದ. ಕಲ್ಲು ನೋಡಿ. ಕಲ್ಲು ಸುಳ್ಳು ಹೇಳಲ್ಲ."

ಬೆನಲ್ಲಾ ಹತ್ತಿರ ಕಲ್ಲೇ ಕಳೆದುಹೋಯಿತು. ರಸ್ತೆ ರಿಪೇರಿಯವರು ಅಂಚನ್ನೆಲ್ಲ ಕೆರೆದು ಸಮ ಮಾಡಿದ್ದರು. ಅವನು ಹುಡುಕಿ ಹುಡುಕಿ, ಕೊನೆಗೆ ಅದಕ್ಕೂ ಹಿಂದಿನ ಸಲ ನಿಂತಿದ್ದ ಜಾಗಕ್ಕೆ ಹೋಗಿ, ಹೊಸ ಕಲ್ಲು ಆರಿಸಿ, ನಡೆದ ದಾರಿಯನ್ನೇ ಮತ್ತೆ ನಡೆದ. "ಇಲ್ಲೇ ಎಲ್ಲೋ ಇತ್ತು ಅಂತ ಅಂದುಕೊಂಡಿದ್ದರೆ ಸಾಕಾಗುತ್ತಿರಲಿಲ್ಲವೇ?" ಎಂದು ಕೇಳಿದೆ.

"ಅಂದ್ಕಳದಾದ್ರ ಮನೇಲೇ ಕೂತು ಸಿಡ್ನಿ ಮುಟ್ಬುಟ್ಟೆ ಅಂದ್ಕಬೋದಿತ್ತಲ್ಲ ಸಾ."

ವರ್ಷಗಳು ಹೋದವು. ಆಲ್ಬರಿ ದಾಟಿತು, ಗೌಲ್ಬರ್ನ್ ಬಂತು. ಎರಡು ಸಂಗತಿ ನನ್ನ ಕಣ್ಣಿಗೆ ಬಿದ್ದವು. ಒಂದು, ಜಯಮ್ಮ ಗಂಡನನ್ನು ಎಲ್ಲಿಗೆಂದು ಕೇಳುವುದನ್ನೇ ಬಿಟ್ಟಿದ್ದಳು. ತನ್ನ ಪಾಡಿಗೆ ವಾರದಲ್ಲಿ ಒಂದು ದಿನ ಒಳ್ಳೆ ಸೀರೆ ಉಟ್ಟು ರೈಲು ಹತ್ತುತ್ತಿದ್ದಳು. ಕೇಳಿದರೆ ದೇವಸ್ಥಾನ ಎನ್ನುತ್ತಿದ್ದಳು. ತಿರುಗಿ ಬಂದಾಗ ಹಣೆಯಲ್ಲಿ ದೇವಸ್ಥಾನದ ಕುಂಕುಮ ಕಾಣುತ್ತಿರಲಿಲ್ಲ. ಇನ್ನೊಂದು, ಸಿಡ್ನಿ ಹತ್ತಿರವಾದಷ್ಟೂ ಸಿದ್ದರಾಜುವಿನ ದಿನದ ನಡಿಗೆ ಗಿಡ್ಡವಾಗುತ್ತಿತ್ತು. ಮಂಡಿ ನೋವು ಅಂದ. ಓವರ್‌ಟೈಮ್ ಅಂದ. ಮಳೆ ಅಂದ. ಮಳೆಯಲ್ಲಿ ಇಡೀ ದಿನ ನಡೆದವನನ್ನು ನಾನೇ ನೋಡಿದ್ದೆ.

ಅಂತೂ ಸಿಡ್ನಿ ಮುಟ್ಟಿದ. ಆ ದಿನ ಮಾರ್ಸ್ಡನ್ ಪಾರ್ಕಿನಿಂದ ಫೋನ್ ಬಂತು.

"ಸಾ, ಬಾಗ್ಲು ತಗ್ದೋರು ಬ್ಯಾರೆ ಜನ. ಹಿಂದಿ ಮಾತಾಡ್ತಾರ. ಮನೆ ಇವ್ರಿಗೆ ಮಾರ್ಬುಟ್ಟು ಮೆಲ್ಬರ್ನ್‌ಗೆ ಹೋದ್ರಂತ. ಟೀ ಕೊಟ್ರು. ಕುಡ್ದೆ."

ಮರುದಿನ ಅವನ ಅಡುಗೆಮನೆಯಲ್ಲಿ ಮೂವರೂ ಕುಳಿತೆವು. ಕಲ್ಲು ಮೇಜಿನ ಮೇಲಿತ್ತು. ಅವನು ಎಲ್ಲವನ್ನೂ ಹೇಳಿ, "ನಿಂಗೇನಾರ ಗೊತ್ತಾ ಜಯಾ?" ಎಂದ.

"ಕ್ರಾನ್‌ಬರ್ನಲ್ಲವ್ಳೆ. ಮಗು ಆದ್ಮೇಲೆ ಬಂದ್ಲು. ನಾನು ವಾರಕ್ಕೊಂದ್ಸಲ ಹೋಯ್ತೀನಿ."

"ಹೇಳ್ಬಾರ್ದಾಗಿತ್ತಾ?"

"ಹೆಸ್ರೆತ್ತಬ್ಯಾಡ ಅಂತ ಮಾದಪ್ಪನ ಮ್ಯಾಲೆ ಆಣೆ ಮಾಡಿಸ್ಕಂಡೋರು ಯಾರು? ಇವತ್ತು ನೀವೇ ಕೇಳುದ್ರಿ, ಹೇಳ್ದೆ. ನೀವು ಎಲ್ಲಿಗ್ ನಡೀತೀವ್ನಿ ಅಂತ ಒಂದ್ ದಿನ ಹೇಳುದ್ರಾ?" ಆಮೇಲೆ ನನ್ನ ಕಡೆ ತಿರುಗಿದಳು. "ಸಾರ್‌ಗೂ ಗೊತ್ತಿತ್ತು ಅನ್ನಿ."

"ಮಾತು ಕೊಟ್ಟಿದ್ದೆನಮ್ಮ."

"ಎಲ್ರೂ ಮಾತ್ ಉಳಿಸ್ಕಂಡ್ರಿ. ಮಗೀಗೆ ಹಲ್ ಬಂದ್ವು."

ಕ್ರಾನ್‌ಬರ್ನ್ ನಮ್ಮ ಮನೆಯಿಂದ ಒಂದು ದಿನದ ನಡಿಗೆ. ಸಿದ್ದರಾಜು ಮುಂದಿನ ರಜೆಗೆ ಹೊರಡಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮಂಡಿ, ಮಳೆ, ಓವರ್‌ಟೈಮ್. ನನಗೆ ಅರ್ಥವಾಯಿತು. ದೂರವಿದ್ದಷ್ಟು ದಿನ ನಡಿಗೆಯೇ ಕೆಲಸವಾಗಿತ್ತು. ಈಗ ಉಳಿದಿದ್ದದ್ದು ಬಾಗಿಲು ತಟ್ಟುವ ಕೆಲಸ. ಒಂದು ಬೆಳಿಗ್ಗೆ ಬೂಟು ಹಾಕಿಕೊಂಡು ಹೋಗಿ, ಹಾಸ್ಟೆಲಿನ ಕೋಣೆ ಬಡಿದಂತೆ ಅವನ ಬಾಗಿಲು ಬಡಿದೆ. "ಏಳು."

ಅವನು ಹೊಸಿಲ ಬಳಿಯಿದ್ದ ಕಲ್ಲನ್ನು ಎತ್ತಿಕೊಂಡ. ಡ್ಯಾಂಡೆನಾಂಗಿನ ತನಕ ನಾನೂ ನಡೆದೆ. ಅಲ್ಲಿಂದ ನನ್ನ ಕಾಲು ಬರಲಿಲ್ಲ. ಆಣೆ ನನ್ನದಲ್ಲವಲ್ಲ, ರೈಲು ಹತ್ತಿ ಕ್ರಾನ್‌ಬರ್ನ್ ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತೆ. ಪ್ರತಿ ರೈಲು ಬಂದಾಗಲೂ, ಇವನು ಎದುರಿನ ರೈಲು ಹಿಡಿದು ಮನೆ ಸೇರಿರುತ್ತಾನೆ ಎಂದೇ ಎಣಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಕುಂಟುತ್ತ ಬಂದ.

ಮಗಳ ಬೀದಿಯ ತಿರುವಿನಲ್ಲಿ ನಿಂತ. ಅವಳ ಮನೆ ಅಲ್ಲಿಗೇ ಕಾಣುತ್ತಿತ್ತು. ಅಂಗಳದಲ್ಲಿ ಒಂದು ಮೂರು ಗಾಲಿಯ ಸೈಕಲ್ ಬಿದ್ದಿತ್ತು. ಅವನು ಬ್ಯಾಗಿನಿಂದ ಕಲ್ಲು ತೆಗೆದು, ಬೀದಿಯ ಹೆಸರಿನ ಕಂಬದ ಬುಡದಲ್ಲಿಟ್ಟ.

"ಕಲ್ಲು ಯಾಕೆ ಇಟ್ಟೆ?"

"ಇವತ್ತಿಗ್ ಸಾಕು ಸಾ. ಬೆವತೀವ್ನಿ, ಬಟ್ಟೆ ಕೊಳೆ. ಮುಂದಿನ್ ರಜಾಕ್ಕ ಇಲ್ಲಿಂದ್ಲೇ..."

ನಾನು ಬಗ್ಗಿ ಕಲ್ಲನ್ನು ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. "ಮುಂದಿನ ರಜಕ್ಕೆ ಇಲ್ಲಿ ಕಲ್ಲು ಇರೋದಿಲ್ಲ. ಮತ್ತೆ ನಿನ್ನ ಹೊಸಿಲಿನಿಂದಲೇ ನಡಿ."

ಅವನು ನನ್ನನ್ನು ನೋಡಿದ. "ನೀವು ಭಾಳ ಕೆಟ್ಟೋರು ಸಾ" ಎಂದ. ಆಮೇಲೆ ಅಂಗಿಯ ಗುಂಡಿ ಹಾಕಿಕೊಂಡು ಹೊರಟ.

ಅವನು ಬಾಗಿಲು ತಟ್ಟಿದ್ದನ್ನು ನೋಡಿದೆ. ಬಾಗಿಲು ತೆರೆದದ್ದನ್ನೂ ನೋಡಿದೆ. ತೆರೆದ ಮಗಳು ಒಳಗೆ ಕರೆಯಲಿಲ್ಲ. ಅವನ ಬೂಟನ್ನೇ ನೋಡುತ್ತ ನಿಂತಳು. ಅವನು ಬೂಟು ಬಿಚ್ಚಲು ಬಗ್ಗಿದ. ಅವಳೂ ಬಗ್ಗಿದಳು. ತಿರುಗಿ ಬಂದಾನೆಂದು ನಾನು ಎರಡು ಬಸ್ಸು ಬಿಟ್ಟು ಕಾದೆ.

ಈಗ ಗಂಡ ಹೆಂಡತಿ ಕ್ರಾನ್‌ಬರ್ನಿನಲ್ಲೇ ಮನೆ ಮಾಡಿದ್ದಾರೆ. ಬೆಳಗಿನ ವಾಕಿಂಗಿಗೆ ನಾನೊಬ್ಬನೇ. ಕಲ್ಲು ನನ್ನ ಬೂಟಿನ ಗೂಡಿನಲ್ಲಿದೆ. ಅದನ್ನು ಕೇಳಿಕೊಂಡು ಅವನು ಇದುವರೆಗೆ ಬಂದಿಲ್ಲ. ಬರುವುದಿಲ್ಲವೆಂದೇ ನನ್ನ ಅನುಮಾನ.